ಇಬ್ಬರೂ ಇನ್ನೂ ಸೋಲದ ಶುಕ್ರವಾರ

2020ರ ಅಕ್ಟೋಬರ್ 21, ಬುಧವಾರ, ಸಂಜೆ ಐದೂಕಾಲು. ಮೆಲ್ಬರ್ನ್ ನಗರದ ಪಶ್ಚಿಮದ ಅಂಚಿನ ವೆರಿಬಿಯಲ್ಲಿ, ಲಾಕ್‌ಡೌನಿನಿಂದ ಎಪ್ಪತ್ನಾಲ್ಕು ದಿನ ಮುಚ್ಚಿದ್ದು ಸೋಮವಾರವಷ್ಟೇ ಬಾಗಿಲು ತೆರೆದಿದ್ದ ಸಲೂನಿನಲ್ಲಿ, ಗ್ಲೆನಿಸ್ ಕತ್ತರಿ ಒರೆಸಿಟ್ಟು, ಶುಕ್ರವಾರ ತಾನು ಬರುವುದಿಲ್ಲ ಎಂದಳು.

ಒಡತಿ ರೊಸಾರಿಯಾ ಗಿರಾಕಿಗಳ ಹೆಸರು ಬರೆದಿಡುವ ಪುಸ್ತಕದಿಂದ ತಲೆಯೆತ್ತಲಿಲ್ಲ. ಶುಕ್ರವಾರದ ಪುಟದಲ್ಲಿ ಹದಿನಾಲ್ಕು ಹೆಸರಿದ್ದವು. ಅಂಗಡಿಯಲ್ಲಿ ಕತ್ತರಿ ಹಿಡಿಯುವವರು ಇಬ್ಬರೇ.

"ಯಾಕೆ, ಜ್ವರಾನಾ?"

"ಜ್ವರ ಅಲ್ಲ ಕಣೇ, ಸರ್ಕಾರಿ ರಜೆ. ಶನಿವಾರದ ಫುಟ್‌ಬಾಲ್ ಫೈನಲ್‌ ರಜೆ."

"ಅದು ಹೋದ ತಿಂಗಳೇ ಮುಗಿದುಹೋಯ್ತಲ್ಲ." ರೊಸಾರಿಯಾ ಗೋಡೆಯ ಕ್ಯಾಲೆಂಡರ್ ತೋರಿಸಿದಳು. ಸೆಪ್ಟೆಂಬರ್ 25 ಕೆಂಪಕ್ಷರದಲ್ಲಿತ್ತು.

"ಆಟ ಮುಂದಕ್ಕೆ ಹೋಯ್ತು, ರಜೇನೂ ಅದರ ಬಾಲ ಹಿಡ್ಕೊಂಡು ಹೋಯ್ತು. ಕ್ಯಾಲೆಂಡರ್ ಅಚ್ಚು ಹಾಕಿದವರು ಈ ರೋಗಾನ ಕನಸು ಕಂಡಿದ್ರಾ?"

ರೊಸಾರಿಯಾ ಫೋನಿನಲ್ಲಿ ಹುಡುಕಿ ನೋಡಿದಳು. ಗ್ಲೆನಿಸ್ ಹೇಳಿದ್ದು ನಿಜವಾಗಿತ್ತು. ಹದಿನಾಲ್ಕು ಜನರಿಗೂ ಅವಳು ಬರಲು ಹೇಳಿಯಾಗಿತ್ತು. ಎರಡೂವರೆ ತಿಂಗಳು ಒಲೆ ಆರಿಸಿ ಕೂತವಳಿಗೆ ಅದೊಂದು ಪುಟ ತುಂಬಿದ್ದೇ ಹಬ್ಬವಾಗಿತ್ತು.

"ಎಪ್ಪತ್ನಾಲ್ಕು ದಿನ ರಜೆ ಸಾಲ್ಲಿಲ್ವೇನೇ ನಿನಗೆ? ಆಟ ನೋಡಿದ್ರೆ ಬ್ರಿಸ್ಬೇನಿನಲ್ಲಿ. ಇಲ್ಲಿ ಮೆರವಣಿಗೆ ಇಲ್ಲ, ಪಬ್ಬಲ್ಲಿ ಕೂರೋ ಹಾಗಿಲ್ಲ, ಮನೆಗೆ ನೆಂಟರನ್ನ ಕರೆಯೋ ಹಾಗಿಲ್ಲ. ರಜೆ ತಗೊಂಡು ಗೋಡೆ ನೋಡ್ತಾ ಕೂರ್ತೀಯಾ? ಇನ್ನೆರಡು ವಾರ ತಾಳು, ಕುದುರೆ ಪಂದ್ಯಕ್ಕೂ ಒಂದು ರಜೆ ಬರುತ್ತೆ. ಕುದುರೆಗಳಾದ್ರೂ ಇದೇ ಊರಲ್ಲಿ ಓಡ್ತವೆ."

"ಆ ಎಪ್ಪತ್ನಾಲ್ಕು ದಿನ ರಜೆ ಅಲ್ಲ ಮಾರಾಯ್ತಿ, ಅದು ಬೀಗ," ಎಂದಳು ಗ್ಲೆನಿಸ್. "ನಾನು ಬೆವ್‌ನ ನೋಡ್ಬೇಕು."

ಬೆವ್ ಅವಳ ಅಕ್ಕ. ಇರುವುದು ಜೀಲಾಂಗಿನಲ್ಲಿ, ಅಲ್ಲೊಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಮನೆಮಂದಿಯೆಲ್ಲ ಜೀಲಾಂಗ್ ತಂಡದ ಅಭಿಮಾನಿಗಳು. ಮದುವೆಯಾದ ಮೇಲೆ ರಿಚ್ಮಂಡ್ ತಂಡದ ಕಡೆಗೆ ಹಾರಿದ ತಂಗಿಯನ್ನು ಬೆವ್ ನಲವತ್ತು ವರ್ಷದಿಂದ ಪಕ್ಷಾಂತರಿ ಎಂದೇ ಕರೆಯುತ್ತಾಳೆ. ಈ ರಜೆ ಶುರುವಾಗಿ ಐದು ವರ್ಷ. ಐದು ವರ್ಷವೂ ಆ ಶುಕ್ರವಾರ ಅಕ್ಕತಂಗಿಯರು ಒಂದೇ ಫುಟ್‌ಪಾತಿನಲ್ಲಿ ನಿಂತು ಆಟಗಾರರ ಮೆರವಣಿಗೆ ನೋಡಿದ್ದರು. ಈ ಸಲ ಫೈನಲ್ ಇರುವುದೇ ರಿಚ್ಮಂಡ್ ಮತ್ತು ಜೀಲಾಂಗ್ ನಡುವೆ. ಆದರೆ ಮೆಲ್ಬರ್ನ್ ಮತ್ತು ಜೀಲಾಂಗ್ ನಡುವಿನ ಹೆದ್ದಾರಿಯಲ್ಲಿ ಪೊಲೀಸರು ನಿಂತಿದ್ದರು. ಮೆಲ್ಬರ್ನಿನವರು ದಾಟುವ ಹಾಗಿರಲಿಲ್ಲ. ಇಬ್ಬರೂ ಕೊನೆಯ ಸಲ ಮುಖ ನೋಡಿದ್ದು ಜೂನ್‌ನಲ್ಲಿ.

"ಸೋಮವಾರದಿಂದ, ಮನೆ ಬಿಟ್ಟು ಓಡಾಡೋಕೆ ಐದು ಕಿಲೋಮೀಟರ್ ಹೋಗಿ ಇಪ್ಪತ್ತೈದು ಮಾಡಿದ್ದಾರಲ್ಲ. ಗಡಿಯ ಹೊಳೆ ನಮ್ಮನೆಯಿಂದ ಹದಿನೈದು. ಅವಳು ಆಚೆ ದಡ, ನಾನು ಈಚೆ ದಡ. ಯಾರಪ್ಪನ ಕಾನೂನೂ ಮುರಿಯಲ್ಲ."

"ಭಾನುವಾರ ಹೋಗು. ಹೊಳೆ ಎಲ್ಲಿಗೂ ಓಡಿಹೋಗಲ್ಲ."

"ಆಟ ಶನಿವಾರ ರಾತ್ರಿ. ಭಾನುವಾರದ ಹೊತ್ತಿಗೆ ಒಬ್ಬಳು ಸೋತಿರ್ತಾಳೆ. ಸೋತವಳು ಬರಲ್ಲ, ನಮ್ಮನೆ ಜಾಯಮಾನವೇ ಅದು. ಶುಕ್ರವಾರ ಇಬ್ಬರೂ ಇನ್ನೂ ಸೋತಿರಲ್ಲ, ರೋಸ್."

ರೊಸಾರಿಯಾ ಪುಸ್ತಕ ಹತ್ತಿರಕ್ಕೆ ಎಳೆದುಕೊಂಡಳು. ಗ್ಲೆನಿಸ್ ಹೋದ ಮೇಲೆ ಏಳು ಜನರಿಗೆ ಫೋನ್ ಮಾಡಿ ಮುಂದಿನ ವಾರಕ್ಕೆ ಹಾಕಿದಳು. ಉಳಿದ ಏಳು ತಲೆಗಳನ್ನು ಶುಕ್ರವಾರ ಒಬ್ಬಳೇ ಕತ್ತರಿಸಿದಳು. ಕೊನೆಯವನು ಮುದುಕ ಅಜ್ಯೂಸ್. ಕುತ್ತಿಗೆಗೆ ಜೀಲಾಂಗಿನ ನೀಲಿಬಿಳಿ ಉಣ್ಣೆ ಪಟ್ಟಿ ಸುತ್ತಿಕೊಂಡು ಬಂದಿದ್ದ. ಎಷ್ಟು ಹೇಳಿದರೂ ಬಿಚ್ಚಲಿಲ್ಲ. ಅದರ ಸುತ್ತಲೇ ಕತ್ತರಿ ಆಡಿಸಬೇಕಾಯಿತು.

"ಇಷ್ಟೆಲ್ಲ ಸಿಂಗಾರ ಮಾಡ್ಕೊಂಡು ಸವಾರಿ ಎಲ್ಲಿಗೆ?"

"ಎಲ್ಲಿಗೂ ಇಲ್ಲ. ನಾಳೆ ರಾತ್ರಿ ನಮ್ಮನೆ ಸೋಫಾಗೆ. ಹಾಗಂತ ಫೈನಲ್ ದಿನ ಹೀಗೆ ಜಟೆ ಬಿಟ್ಕೊಂಡು ಕೂರಕ್ಕಾಗುತ್ತೇನಮ್ಮ?"

ಶನಿವಾರ ಬೆಳಿಗ್ಗೆ ಎಂಟಕ್ಕೆ ಗ್ಲೆನಿಸ್ ಕುಂಟುತ್ತ ಬಂದಳು. ಏನೆಂದು ಕೇಳುವ ಮೊದಲೇ ಫೋನ್ ಮುಂದೆ ಹಿಡಿದಳು. ಬೆವ್‌ನ ಮಗಳು ಆಚೆ ದಡದಿಂದ ತೆಗೆದ ವಿಡಿಯೋ. ಕಿರಿದಾದ ಹೊಳೆ, ಮಂಡಿಯೆತ್ತರದ ಹುಲ್ಲು. ಮಾಸ್ಕ್ ಹಾಕಿಕೊಂಡ, ಅರವತ್ತು ದಾಟಿದ ಇಬ್ಬರು ಹೆಂಗಸರು. ಈಚೆಯವಳು ಒದ್ದ ಕೆಂಪು ಚೆಂಡು ನೀರಿನ ಮೇಲೆ ಹಾರಿ ಆಚೆಯವಳ ಎದೆಗೆ ಬಿತ್ತು. ಆಚೆಯವಳು ಅದನ್ನು ಒರೆಸಿ, ನಾಲ್ಕು ಹೆಜ್ಜೆ ಓಡಿ, ವಾಪಸ್ಸು ಒದ್ದಳು. ಒಂಬತ್ತು ನಿಮಿಷದ ವಿಡಿಯೋದಲ್ಲಿ ಬೇರೇನೂ ಇರಲಿಲ್ಲ. "ಪಕ್ಷಾಂತರಿ, ಕಾಲು ನೆಟ್ಟಗಿಡೇ," ಎಂಬ ಮಾತು ಒಮ್ಮೆ ಕೇಳಿಸಿತು. ಕೊನೆಯ ಸಲ ಚೆಂಡು ಆಚೆ ಹೋದಾಗ ಬೆವ್ ಅದನ್ನು ಒದೆಯಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ಕಾರಿನ ಕಡೆ ನಡೆದಳು.

"ಚೆಂಡು ಅವಳ ಹತ್ರಾನೇ ಉಳೀತಾ?"

"ಇಟ್ಕೊಂಡಿರ್ಲಿ ಬಿಡು. ಗೆದ್ರೆ ಅವಳೇ ತಂದುಕೊಡ್ತಾಳೆ."

ರೊಸಾರಿಯಾ ವಿಡಿಯೋವನ್ನು ಎರಡನೆಯ ಸಲವೂ ನೋಡಿದಳು. ಆಮೇಲೆ ಪುಸ್ತಕ ತೆಗೆದು, ಕುದುರೆ ಪಂದ್ಯದ ದಿನದ ಪುಟಕ್ಕೆ, ಅದರಲ್ಲಿ ಒಂದೂ ಹೆಸರು ಬೀಳುವ ಮೊದಲೇ, ಮೂಲೆಯಿಂದ ಮೂಲೆಗೆ ಗೆರೆ ಎಳೆದಳು.

"ನೀನೆಲ್ಲಿಗೆ ಹೋಗ್ತೀಯೇ?" ಎಂದು ಗ್ಲೆನಿಸ್ ಕೇಳಿದಳು.

"ಎಲ್ಲಿಗೂ ಇಲ್ಲ."

ಆ ರಾತ್ರಿ ರಿಚ್ಮಂಡ್ ಮೂವತ್ತೊಂದು ಅಂಕಗಳಿಂದ ಗೆದ್ದಿತು. ನವೆಂಬರ್ ಒಂಬತ್ತರಂದು ಗಡಿಯ ತಡೆ ತೆಗೆದರು. ಆ ವಾರ ಬೆವ್ ಬರಲಿಲ್ಲ. ಚೆಂಡು ಅಂಚೆಯಲ್ಲಿ ಬಂತು.