ನಗುವ ಮೊದಲು ತಿಳಿಸಿ

ಮಗುವಿನ ನಾಮಕರಣಕ್ಕೆ ಬಂದವರನ್ನು ಶ್ರೀಶ ಫ್ಲಾಟಿನ ಬಾಗಿಲಲ್ಲೇ ತಡೆದು, ಕೈಮುಗಿದು, ತಗ್ಗಿದ ದನಿಯಲ್ಲಿ ಹೇಳುತ್ತಿದ್ದ: "ಒಳಗೆ ಯಾರೂ ತಮಾಷೆ ಮಾಡ್ಬೇಡಿ, ನಗ್ಬೇಡಿ. ಕೃತಿಗೆ ಆಗುದಿಲ್ಲ." ಯಾಕೆಂದು ಕೇಳಿದರೆ ನೆಲ ನೋಡುತ್ತಿದ್ದ. ಬಂದವರೂ ನೆಲ ನೋಡುತ್ತಾ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು.

ಹೆರಿಗೆಯಾದಂದಿನಿಂದ ಅವನ ಹೆಂಡತಿ ಕೃತಿಗೆ ಸೀನಿದರೆ, ಕೆಮ್ಮಿದರೆ, ನಕ್ಕರೆ ಸೀರೆ ಒದ್ದೆಯಾಗುತ್ತಿತ್ತು. ಪೋರೂರಿನ ಫಿಸಿಯೋಥೆರಪಿಸ್ಟ್ ನೀರಜಾ ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ವ್ಯಾಯಾಮ ಕಲಿಸಿದ್ದರು. "ಮೊದಲು ಒಳಗಿಂದ ಬಿಗಿ ಹಿಡೀರಿ, ಆಮೇಲೆ ನಗಿ. ಕ್ರಮ ತಪ್ಪಬಾರದು."

"ನಗು ಹೇಳಿ ಬರ್ತದಾ ಮೇಡಂ?" ಎಂದು ಕೃತಿ ಕೇಳಿದ್ದಳು. ಆ ಪ್ರಶ್ನೆಯನ್ನು ಮನಸ್ಸಿಗೆ ತೆಗೆದುಕೊಂಡವನು ಶ್ರೀಶ. ತಾಂಬರಂ ರೈಲು ಸ್ಟೇಷನ್ನಿನಲ್ಲಿ ಪ್ರಕಟಣೆ ಹೇಳುವುದು ಅವನ ಕೆಲಸ. ಮನೆಯಲ್ಲೂ ಪ್ರಕಟಣೆ ಶುರುಮಾಡಿದ: "ದಯವಿಟ್ಟು ಗಮನಿಸಿ. ಒಂದು ಜೋಕ್ ಬರ್ತಾ ಉಂಟು." ಕೃತಿ ಬಿಗಿ ಹಿಡಿದು ತಲೆಯಾಡಿಸಿದ ಮೇಲೆ ಜೋಕ್ ಹೇಳುತ್ತಿದ್ದ. ಹಾಗೆ ಬಂದ ಒಂದು ಜೋಕಿಗೂ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಹೀಗಾಗಿ ನಿಜವಾದ ನಗು ಬಂದಾಗ ವ್ಯಾಯಾಮ ಕೈ ಹಿಡಿಯುತ್ತದೋ ಇಲ್ಲವೋ ಕೃತಿಗೆ ಗೊತ್ತೇ ಇರಲಿಲ್ಲ. ಅದು ಇವತ್ತು, ಇಷ್ಟು ಜನರ ಎದುರು, ರೇಷ್ಮೆ ಸೀರೆಯಲ್ಲಿ ಗೊತ್ತಾಗುವುದು ಅವಳಿಗೆ ಬೇಕಿರಲಿಲ್ಲ.

"ನಗದಿದ್ರೆ ಎಂತ ಗಂಟು ಹೋಗ್ತದೆ?" ಎಂದಿದ್ದರು ಅತ್ತೆ ಸರಸಮ್ಮ. "ನನ್ನನ್ನು ನೋಡು. ನಾನು ನಗ್ತೇನಾ?" ನಿಜ. ಎಂಥ ತಮಾಷೆಗೂ ಸೆರಗಿನ ತುದಿ ಕಚ್ಚಿ ಕೂರುವ ಹೆಂಗಸು ಅವರು. ಅವರು ಬಾಯಿಬಿಟ್ಟು ನಕ್ಕದ್ದನ್ನು ಹೆತ್ತ ಮಕ್ಕಳೂ ನೋಡಿರಲಿಲ್ಲ. ಎಲ್ಲರನ್ನೂ ನಗಿಸುವ ತಮ್ಮ ಭೋಜರಾಜನನ್ನು ಅವರೇ ಇವತ್ತು ಬೆಳಗ್ಗೆ ಹಿಡಿದು ತಂದು ಗೋಡೆಗೆ ಮುಖ ಮಾಡಿ ಕೂರಿಸಿದ್ದರು.

ಮಂತ್ರ ಬಿಟ್ಟರೆ ಮನೆಯಲ್ಲಿ ಒಂದು ಸದ್ದಿಲ್ಲ. ಭಟ್ಟರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಹೊತ್ತಿಗೇ ಕೃತಿಯ ಮಡಿಲಲ್ಲಿದ್ದ ಮಗು, ಅಷ್ಟು ಸಣ್ಣ ದೇಹಕ್ಕೆ ಸಾಧ್ಯವೇ ಎನ್ನುವ ಹಾಗೆ, ಹೂಸು ಬಿಟ್ಟಿತು. ಯಾರೂ ನಗಲಿಲ್ಲ. ತುಟಿ ಕಚ್ಚಿದರು, ತಲೆ ತಗ್ಗಿಸಿದರು. ಹೆಗಲುಗಳು ಕುಲುಕಿದವು, ಕಣ್ಣುಗಳಲ್ಲಿ ನೀರು ಬಂತು. ಸರಸಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಗಡಗಡ ನಡುಗುತ್ತಿದ್ದರು.

ಎದುರು ಫ್ಲಾಟಿನ ಷಣ್ಮುಗಂ ಬಾಗಿಲಿಗೆ ಬಂದದ್ದು ಆಗ. ರಾಶಿ ಚಪ್ಪಲಿ, ಕೈಮುಗಿದು ನಿಂತ ಶ್ರೀಶ, ಸದ್ದಿಲ್ಲದ ಮನೆ, ಎಲ್ಲವನ್ನೂ ಅವರು ಬೆಳಗಿನಿಂದ ನೋಡಿದ್ದರು. ಕೈಯಲ್ಲಿ ದಪ್ಪನೆಯ ಗುಲಾಬಿ ಹಾರ. ಶ್ರೀಶನ ಹೆಗಲ ಮೇಲೆ ಕೈಯಿಟ್ಟು, ತಮಿಳರು ಸಾವಿನ ಮನೆಯಲ್ಲಿ ಕೇಳುವುದನ್ನೇ ಕೇಳಿದರು. "ಎಪ್ಪೋ ಸಾರ್ ಎಡುಕ್ಕರಾಂಗ?" ಹೆಣ ಎತ್ತುವುದು ಯಾವಾಗ?

ಶ್ರೀಶ ಒಳಗಿನ ಕಡೆ ತಿರುಗಿದ. ಗೋಡೆಯ ಕಡೆಯಿಂದ ಭೋಜರಾಜನ ದನಿ ಬಂತು: "ನನ್ನನ್ನೇ ಇರ್ಬೇಕು ಮಾರಾಯ. ಬೆಳಗ್ಗೆಯೇ ಸತ್ತಾಗಿದೆ."

"ಒಂದ್ನಿಮಿಷ!"

ಕೃತಿ ಅಂಗೈ ಎತ್ತಿದ್ದಳು. ಸಿಗ್ನಲಿಗೆ ನಿಂತ ಗಾಡಿಗಳಂತೆ ಇಡೀ ಮನೆ ನಗುವನ್ನು ಗಂಟಲಲ್ಲಿ ತಡೆದು ಆ ಕೈಯನ್ನೇ ನೋಡಿತು. ಭಟ್ಟರೂ ನೋಡಿದರು. ಅವಳು ಕಣ್ಣು ಮುಚ್ಚಿ, ಬಿಗಿ ಹಿಡಿದು, ಕೈ ಇಳಿಸಿದಳು.

"ಹಾಂ. ಈಗ."

ಕಿಟಕಿಯ ಗಾಜು ಅದುರುವ ಹಾಗೆ ನಕ್ಕರು. ಕೃತಿ ಎಲ್ಲರಿಗಿಂತ ಜೋರಾಗಿ, ಮಗುವನ್ನು ಅವುಚಿಕೊಂಡು, ಸಾಕಾಗುವಷ್ಟು ನಕ್ಕಳು. ಎದ್ದು ನಿಂತು ಗಂಡನಿಗೆ ಬೆನ್ನು ಮಾಡಿದಳು. ಅವನು ಹತ್ತಿರ ಬಂದು ಸೀರೆ ನೋಡಿದ, ಮಣೆ ಮುಟ್ಟಿದ. "ಒಣ ಉಂಟು!" ಎಂದು ರೈಲು ಸಮಯಕ್ಕೆ ಸರಿಯಾಗಿ ಬಂತೆಂದು ಪ್ರಕಟಿಸುವವನಂತೆ ಸಾರಿದ. ಚಪ್ಪಾಳೆ ಬಿತ್ತು. ಷಣ್ಮುಗಂ ಹಾರವನ್ನು ಮೊಣಕೈಗೆ ಏರಿಸಿಕೊಂಡು ತಾವೂ ತಟ್ಟಿದರು.

ಎಲೆ ಹಾಕಿದ ಮೇಲೆ ಎಲ್ಲರೂ ಊಟಕ್ಕೆ ಎದ್ದರು. ಸರಸಮ್ಮ ಸೀರೆಯನ್ನು ಸುತ್ತ ಒತ್ತಿಕೊಂಡು ಕೂತೇ ಇದ್ದರು. ಸೆರಗು ಬಾಯಿಂದ ಯಾವಾಗಲೋ ಜಾರಿತ್ತು. ನಕ್ಕು ಕೆಂಪಾದ ಮುಖ ನಿಧಾನವಾಗಿ ಬಿಳಿಚುತ್ತಿತ್ತು.

"ಅಮ್ಮ, ಬನ್ನಿ," ಶ್ರೀಶ ಕರೆದ.

"ನೀವು ನಡೀರಿ. ನಾನು ಆಮೇಲೆ."

ಕಚ್ಚಿ ಕಚ್ಚಿ ಸವೆದ ಆ ಸೆರಗಿನ ತುದಿಯನ್ನು ಕೃತಿ ಮೊದಲ ಸಲ ಸರಿಯಾಗಿ ನೋಡಿದಳು. ಮಗುವಿನ ಹೊದಿಕೆ ತಂದು ಅತ್ತೆಯ ಮಡಿಲಿಗೆ ಹೊದಿಸಿ ಪಕ್ಕದಲ್ಲಿ ಕೂತಳು.

"ನಾಳೆ ಪೋರೂರಿಗೆ ಒಟ್ಟಿಗೆ ಹೋಗುವ ಅತ್ತೆ."

"ಹೋಗುವ," ಎಂದರು ಸರಸಮ್ಮ, ಸೆರಗಿಗಾಗಿ ತಡಕಾಡುತ್ತಾ. "ಮೊದ್ಲು ಆ ಭೋಜನನ್ನು ಗೋಡೆಗೆ ತಿರುಗಿಸು."