ಹದಿನಾರನೆಯ ಆಣೆ

ಕಡಲಿನ ಉಪ್ಪುನೀರು ನುಗ್ಗುವ ಆ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತವೊಂದೇ ಬೆಳೆಯುತ್ತದೆ. ಅದಕ್ಕೆ ಸಾವಯವ ಪ್ರಮಾಣಪತ್ರ ಪಡೆಯಲು ಹದಿನಾರು ಮನೆಯವರು ಒಂದಾಗಿದ್ದರು. ಅಂಗಡಿ ಗೊಬ್ಬರ ಹಾಕಿಲ್ಲವೆಂದು ಪ್ರತಿ ಮನೆಯ ಯಜಮಾನ ಹೊಸ ಕದಿರು ಹಿಡಿದು ಊರ ದೇವಿಯ ಮುಂದೆ ಆಣೆ ಮಾಡಬೇಕು. ಒಬ್ಬ ತಪ್ಪಿದರೂ ಹದಿನಾರು ಮನೆಗೂ ಪತ್ರವಿಲ್ಲ.

ಹದಿನಾಲ್ಕು ಜನರ ಆಣೆ ಮುಗಿದಿತ್ತು. ಕೊನೆಯ ಸರದಿಯ ಹೊನ್ನಪ್ಪ ಗುಡಿಯ ಕಂಬ ಬಿಟ್ಟು ಕದಲಲಿಲ್ಲ. ಹೆಂಡತಿ ಗಣಪಿ ಹತ್ತಿರ ಬಂದಳು.

"ಎಂತಕ್ಕೆ ಇಲ್ಲೇ ನಿಂತ್ರಿ?"

"ಆಣೆ ಮಾಡಿದ್ರೆ ದೇವಿ ಬಿಡೂದಿಲ್ಲ. ಮಾಡದಿದ್ರೆ ಊರು ಬಿಡೂದಿಲ್ಲ."

"ಅಂಥಾದ್ದೆಂತ ಮಾಡಿದ್ರಿ?"

"ಮಳೆಗಾಲದಲ್ಲಿ ಸಸಿ ಹಳದಿಯಾಗಿತ್ತಲ್ಲ, ಆವಾಗ ಯೂರಿಯಾ ಎರಚಿಬಿಟ್ಟೆ. ಬೆಳಕು ಹರಿಯೂ ಮೊದ್ಲೇ, ಸುರಿಯೂ ಮಳೆಯಲ್ಲಿ."

"ಹುಲ್ಲಿನ ಅಟ್ಟದಲ್ಲಿ ಬಚ್ಚಿಟ್ಟಿದ್ದ ಚೀಲದ್ದಾ?"

ಹೊನ್ನಪ್ಪ ಬೆಚ್ಚಿದ. "ನಿಂಗೆ ಗೊತ್ತಿತ್ತಾ?"

ಗಣಪಿ ಅವನ ಬೆರಳುಗಳತ್ತ ನೋಡಿದಳು. "ಎರಚೂವಾಗ ಕೈ ಉರೀಲಿಲ್ವಾ?"

"ಉರೀದೆ ಇರ್ತದಾ? ಕೆಸರಿಗೆ ಬೆರಳಿನ ಸಂದೆಲ್ಲ ಹುಣ್ಣಾಗಿತ್ತು. ದೇವಿ ಅಲ್ಲೇ ಶಿಕ್ಷೆ ಕೊಟ್ಲು ಅಂದ್ಕೊಂಡೆ. ಆದ್ರೆ ವಾರದೊಳಗೆ ಗದ್ದೆ ಹಸಿರಾಯ್ತು. ಬಾಯಿ ಮುಚ್ಚಿಕೊಂಡೆ."

ಹದಿನೈದನೆಯವನೂ ಆಣೆ ಮುಗಿಸಿ ಮೆಟ್ಟಿಲಿಳಿದ. ಪೂಜಾರಿ ಹೊನ್ನಪ್ಪನ ಹೆಸರು ಕೂಗಿದರು. ಇಡೀ ಊರು ಇತ್ತ ತಿರುಗಿತು. ಗಣಪಿ ಗಂಡನ ಕೈಗೆ ಕದಿರು ತುರುಕಿದಳು.

"ಧೈರ್ಯವಾಗಿ ಹೋಗಿ ಆಣೆ ಮಾಡಿ. ಯೂರಿಯಾ ನೀವು ತಂದ ಮರುದಿನವೇ ಅಂಗಡಿಗೆ ವಾಪಸ್ ಹೋಯ್ತು. ಆ ಚೀಲಕ್ಕೆ ನಾ ತುಂಬಿಟ್ಟದ್ದು ಉಪ್ಪು."