ಗಾಲಿಯಡಿಯ ನಿಂಬೆಹಣ್ಣು

ಪರದೇಶದ ಕಡಲತೀರದಲ್ಲಿ ನೌಕಾಪಡೆಯ ಜೊತೆ ಭೂಸೇನೆಯ ತಾಲೀಮು ನಡೆದಿತ್ತು. ಹವಾಲ್ದಾರ್ ಯಮನಪ್ಪನ, ತಾನೇ ನೋಡಿ ಮಾತಾಡಬಲ್ಲ ಕವಚದ ಗಾಡಿ ಗಕ್ಕನೆ ನಿಂತಿತು.

“ಯಮನಪ್ಪಣ್ಣಾ, ಉಸುಕಿನಾಗ ಆಮಿ ತತ್ತಿ ಅದಾವು,” ಎಂದಿತು ಗಾಡಿ.

ಉಳಿದ ಗಾಡಿಗಳು ಆಗಲೇ ದಿಬ್ಬ ದಾಟಿದ್ದವು. ಹಿಂದೆ ಬಿದ್ದರೆ ಮಾನ ಹೋಗುತ್ತದೆಂದು ಯಮನಪ್ಪ, “ನಡೀಲೇ!” ಎಂದು ಗದರಿಸಿ ಓಡಿಸಿದ.

ಸಂಜೆ ಆ ಊರಿನವರು ಒಡೆದ ಆಮೆಯ ತತ್ತಿಗಳನ್ನು ಹಿಡಿದು ಬಂದರು. ಸಾಹೇಬರು ಬಾಯಿ ತೆರೆಯುವ ಮೊದಲೇ ಗಾಡಿ ಹೇಳಿತು: “ತಪ್ಪು ನಂದೇ ರೀ. ನನಗ ಕಾಣಲಿಲ್ಲ.”

ಯಮನಪ್ಪ ತನ್ನ ಬೂಟು ನೋಡುತ್ತ ನಿಂತ. ಮರುದಿನ ಗಾಡಿ ಕೆಟ್ಟಿದೆಯೆಂದು ಅದರ ಕಣ್ಣನ್ನೂ ಮಾತನ್ನೂ ಕಿತ್ತುಹಾಕಿದರು.

ಆಯುಧಪೂಜೆಗೆ ಅವನೇ ಕುಂಕುಮ ಹಚ್ಚಿ ಗಾಲಿಯಡಿ ನಿಂಬೆಹಣ್ಣಿಟ್ಟ. ಪ್ರತಿವರ್ಷ ಗಾಡಿ ತಾನೇ ನಿಂತು, “ಅಣ್ಣಾ, ಇದಕ್ಕ ಜೀವ ಇಲ್ಲಲ್ಲ?” ಎಂದು ಕೇಳುತ್ತಿತ್ತು, ಎಲ್ಲರೂ ನಗುತ್ತಿದ್ದರು.

ಈ ಸಲ ಏನೂ ಕೇಳದೆ ಹಣ್ಣಿನ ಮೇಲೆ ಹಾದುಹೋಯಿತು. ಮುಗಿಯಲು ಎತ್ತಿದ ಕೈಗಳನ್ನು ಯಮನಪ್ಪ ಕೆಳಗಿಳಿಸಿದ.